ಟೀ ಬಣ್ಣದ ನದಿ, ಕಾಣದ ಸಾಲ್ಮನ್

ಪ್ರಶ್ನೆ: ಜೂನ್‌ನಲ್ಲಿ ಫಿನ್‌ಲ್ಯಾಂಡ್‌ನ ರೊವಾನಿಯೆಮಿಗೆ ಹೋಗಿದ್ದೆವು. ಅಲ್ಲಿನ ಕೆಮಿಯೋಕಿ ನದಿ ಕೆರೆಯ ಹಾಗೆ ಅಗಲ, ಶಾಂತ, ನೋಡಲು ಚೆಂದ. ಆದರೆ ನೀರು ಹಾಲು ಹಾಕದ ಟೀ ಬಣ್ಣ! ಸಾಲ್ಮನ್ ಮೀನೂ ಇಲ್ಲವಂತೆ. ನದಿ ಅಷ್ಟು ಕೊಳಕಾಗಿದೆಯಾ?

ಉತ್ತರ: ಬಣ್ಣ ನೋಡಿ ಗಾಬರಿಯಾಗಬೇಡಿ, ಅದು ಕೊಳಕಲ್ಲ. ರೊವಾನಿಯೆಮಿ ಇರುವ ಉತ್ತರ ಫಿನ್‌ಲ್ಯಾಂಡ್‌ನಲ್ಲಿ, ಅಂದರೆ ಲ್ಯಾಪ್‌ಲ್ಯಾಂಡ್‌ನಲ್ಲಿ, ಜೌಗು ನೆಲ ಜಾಸ್ತಿ. ಸದಾ ನೀರು ನಿಂತಿರುವ ಆ ತಂಪು ನೆಲದಲ್ಲಿ ಪಾಚಿ, ಬೇರು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂರುತ್ತವೆ. ಅದೇ ಪೀಟ್. ಹಿಮ ಕರಗಿದ ನೀರು ಅದರೊಳಗಿಂದ ಜಿನುಗಿ ಬರುವಾಗ ಟೀ ಪುಡಿ ನೆನೆಸಿದ ಹಾಗೇ ಬಣ್ಣ ಹಿಡಿಯುತ್ತದೆ. ಲೋಟದಲ್ಲಿ ಹಿಡಿದರೆ ತೆಳು ಹಳದಿ, ಸೇತುವೆ ಮೇಲಿಂದ ಬಗ್ಗಿ ನೋಡಿದರೆ ಕಪ್ಪು, ನೀರು ಮಾತ್ರ ಒಂದೇ. ಕಾಡು ಬೆಳೆಸಲು ಜೌಗಿನಲ್ಲಿ ಕಾಲುವೆ ತೋಡಿದ ಕಡೆ ಬಣ್ಣ ಇನ್ನೂ ಗಾಢ, ಅದು ನಿಜ.

ಮೀನಿನ ಕತೆ ಬೇರೆ. ನಿಮಗೆ ಚೆಂದ ಕಂಡಿತಲ್ಲ, ಆ ಶಾಂತ ನೀರು, ಅದೇ ಮನುಷ್ಯ ಮಾಡಿದ್ದು.

ಕೆಮಿಯೋಕಿ ಫಿನ್‌ಲ್ಯಾಂಡ್‌ನ ಅತಿ ಉದ್ದದ ನದಿ, ಸುಮಾರು 550 ಕಿ.ಮೀ. ('ಯೋಕಿ' ಅಂದರೇ ನದಿ. 'ಕೆಮಿಯೋಕಿ ನದಿ' ಅಂದರೆ ನದಿ ಎರಡು ಸಲ ಬಂತು, ಇರಲಿ.) ಎರಡನೇ ಮಹಾಯುದ್ಧದಲ್ಲಿ ಸೋತ ನೆಲದ ಜೊತೆ ಫಿನ್‌ಲ್ಯಾಂಡ್ ಹಲವು ಜಲವಿದ್ಯುತ್ ಸ್ಥಾವರಗಳನ್ನೂ ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತ್ತು. ಕರೆಂಟ್ ಬೇಕಿತ್ತು, ಕಣ್ಣು ಈ ನದಿ ಮೇಲೆ ಬಿತ್ತು. 1940ರ ದಶಕದ ಕೊನೆಗೆ ನದಿ ಸಮುದ್ರ ಸೇರುವ ಕಡೆಯೇ ಇಸೊಹಾರಾ ಅಣೆಕಟ್ಟು ಎದ್ದಿತು. ಸಾಲ್ಮನ್ ಸಮುದ್ರದಲ್ಲಿ ಬೆಳೆದು ಮೊಟ್ಟೆ ಇಡಲು ನದಿಗೇ ವಾಪಸ್ ಬರಬೇಕಲ್ವಾ, ಅದರ ದಾರಿ ಅಲ್ಲಿಗೇ ಬಂದ್. ಆಮೇಲೆ ತೈವಲ್‌ಕೊಸ್ಕಿ, ಒಸ್ಸೌಸ್‌ಕೊಸ್ಕಿ, ಪೆತಾಯಸ್‌ಕೊಸ್ಕಿ, ವಲಾಯಸ್‌ಕೊಸ್ಕಿ ಅಂತ ಇನ್ನೂ ನಾಲ್ಕು ಅಣೆಕಟ್ಟು. 'ಕೊಸ್ಕಿ' ಅಂದರೆ ಬಂಡೆಗಳ ನಡುವೆ ಭೋರ್ಗರೆದು ಇಳಿಯುವ ನೀರು. ಆ ಭೋರ್ಗರೆತ ಹೋಯಿತು, ಸ್ಥಾವರಗಳಿಗೆ ಹೆಸರು ಉಳಿಯಿತು.

ಇನ್ನೊಂದು ವಿಚಿತ್ರ. ರೊವಾನಿಯೆಮಿಯಲ್ಲೇ ಕೆಮಿಯೋಕಿಗೆ ಸೇರುವ ಔನಸ್‌ಯೋಕಿಯಲ್ಲಿ ವಿದ್ಯುತ್ ಸ್ಥಾವರ ಕಟ್ಟಬಾರದು ಅಂತ 1983ರಲ್ಲಿ ಕಾನೂನೇ ಬಂತು. ಸುಮಾರು 300 ಕಿ.ಮೀ. ನದಿ ಹಾಗೇ ಉಳಿದಿದೆ. ಆದರೆ ಸಾಲ್ಮನ್ ಅಲ್ಲಿಗೆ ತಲುಪಲು ಕೆಳಗಿನ ಐದೂ ಅಣೆಕಟ್ಟು ದಾಟಬೇಕು. ಮನೆ ಖಾಲಿ ಇದೆ, ಬಾಗಿಲಿಗೆ ಐದು ಬೀಗ.

ಹರಿಯುವ ನದಿಯನ್ನೇ ನೋಡುವ ಆಸೆ ಇದ್ದರೆ ಮುಂದಿನ ಸಲ ಸ್ವೀಡನ್ ಗಡಿಯ ತೊರ್ನಿಯೊನ್‌ಯೋಕಿಗೆ ಹೋಗಿ. ಅಲ್ಲಿ ಸಾಲ್ಮನ್ ಇನ್ನೂ ಏರುತ್ತದೆ. ಕುಕ್ಕೋಲನ್‌ಕೊಸ್ಕಿಯಲ್ಲಿ ಜುಲೈ ಹೊತ್ತಿಗೆ ಮರದ ಅಟ್ಟದ ಮೇಲೆ ನಿಂತು, ಉದ್ದ ಕೋಲಿನ ಬಲೆಯನ್ನು ನೊರೆಯೊಳಗೆ ಅದ್ದಿ 'ಸೀಕಾ' ಮೀನು ಎತ್ತುತ್ತಾರೆ. ಕಡ್ಡಿಗೆ ಸಿಕ್ಕಿಸಿ ಕೆಂಡದ ಪಕ್ಕ ಸುಡುತ್ತಾರೆ, ಮಸಾಲೆ ಕೇಳಬೇಡಿ, ಉಪ್ಪು ಮಾತ್ರ.