ಓದುಗರ ಪ್ರಶ್ನೆ: ತೋಟದ ನಲ್ಲಿಗೆ ಮಣ್ಣಿನಡಿ ಪೈಪು ಹಾಕುವಾಗ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮನೆ ಹಿಂದಿನ ಗುಡ್ಡದ ಮೇಲೆ ನೀರಿನ ಟ್ಯಾಂಕ್ ಇದೆ. ತೋಟ ಅದಕ್ಕಿಂತ ಸುಮಾರು 100 ಅಡಿ ತಗ್ಗಿನಲ್ಲಿದೆ, ಪೈಪಿನ ದಾರಿ 120 ಮೀಟರ್ ಆಗುತ್ತದೆ. ತೋಟದ ನಡುವೆ ಒಂದು ನಿಂತ ನಲ್ಲಿ ಬೇಕು. ಸಸಿಗಳಿಗೆ ಹೋಸ್ ಹಾಕಿ ನೀರು ಬಿಡುವುದಕ್ಕೆ, ಮಳೆಗಾಲದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಸಿಂಪಡಣೆಯ ಔಷಧಿ) ಕಲಸುವುದಕ್ಕೆ. ಈಗ ನೆಲದ ಮೇಲೇ ಎಳೆದಿರುವ ಪಿವಿಸಿ ಬಿಸಿಲಿಗೆ ಬಿರುಸಾಗಿ ಅಲ್ಲಲ್ಲಿ ಒಡೆದಿದೆ. ಹೊಸದಕ್ಕೆ 4 ಕೆಜಿ ಪಿವಿಸಿ ಸಾಕು, ಅರ್ಧ ಅಡಿ ಆಳ ಸಾಕು ಎಂದು ಪ್ಲಂಬರ್ ಹೇಳುತ್ತಾರೆ. ಸಾಕಾ? ಅಥವಾ ಎಚ್‌ಡಿಪಿಇ, ಅಂದರೆ ಬಾಗುವ ಕಪ್ಪು ಪ್ಲಾಸ್ಟಿಕ್ ಪೈಪು, ಹಾಕಿಸಬೇಕಾ?

ಉತ್ತರ: 4 ಕೆಜಿ ಪೈಪೂ ಸಾಲದು, ಅರ್ಧ ಅಡಿ ಆಳವೂ ಸಾಲದು.

ಪೈಪಿನ 4 ಕೆಜಿ, 6 ಕೆಜಿ ಅನ್ನುವುದು ಒಂದು ಚದರ ಸೆಂಟಿಮೀಟರಿಗೆ ಅದು ತಡೆಯುವ ಒತ್ತಡದ ಲೆಕ್ಕ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸುಮಾರು 1 ಕೆಜಿ ಒತ್ತಡ ಬೀಳುತ್ತದೆ. ನಿಮ್ಮ 100 ಅಡಿ ಅಂದರೆ 30 ಮೀಟರ್, ಅಲ್ಲಿಗೆ 3 ಕೆಜಿ ಆಯಿತು. ನೀರು ಹರಿಯುವಾಗ ಒತ್ತಡ ಜಾಸ್ತಿ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ಈ ಪೂರ್ತಿ 3 ಕೆಜಿ ಬೀಳುವುದು ನಲ್ಲಿ ಮುಚ್ಚಿರುವಾಗ. ಇದರ ಮೇಲೆ ಯಾರಾದರೂ ಬಾಲ್ ವಾಲ್ವನ್ನು ಒಂದೇ ಏಟಿಗೆ ತಿರುಗಿಸಿ ಮುಚ್ಚಿದರೆ, 120 ಮೀಟರ್ ಉದ್ದಕ್ಕೂ ಓಡಿ ಬರುತ್ತಿದ್ದ ನೀರು ಗಕ್ಕನೆ ನಿಂತು ಪೈಪಿಗೆ ಒಳಗಿನಿಂದ ಹೊಡೆತ ಕೊಡುತ್ತದೆ. ಆ ಹೊಡೆತ ತಾಳುವುದಕ್ಕೆ 4 ಕೆಜಿ ಪೈಪಿನಲ್ಲಿ ಉಳಿದಿರುವುದು ಬರೀ 1 ಕೆಜಿ. 6 ಕೆಜಿಯದ್ದೇ ತರಿಸಿ. ಕೊನೆಯ ನಲ್ಲಿಗೆ ಗೇಟ್ ವಾಲ್ವ್ ಹಾಕಿದರೆ ಇನ್ನೂ ಒಳ್ಳೆಯದು, ಅದು ಸುತ್ತು ಸುತ್ತಾಗಿ ನಿಧಾನ ಮುಚ್ಚುತ್ತದೆ.

ಪಿವಿಸಿನಾ ಎಚ್‌ಡಿಪಿಇನಾ ಅಂದರೆ, ನಿಮ್ಮ ಜಾಗಕ್ಕೆ ನಾನು ಎಚ್‌ಡಿಪಿಇ ಅನ್ನುತ್ತೇನೆ. ಪಿವಿಸಿ ಬರುವುದು 6 ಮೀಟರಿನ ತುಂಡುಗಳಲ್ಲಿ. 120 ಮೀಟರಿಗೆ 20 ತುಂಡು, ನಡುವೆ 19 ಜಾಯಿಂಟ್. ಎಚ್‌ಡಿಪಿಇ ಉದ್ದದ ರೋಲ್‌ನಲ್ಲಿ ಬರುತ್ತದೆ, ಒಂದು ಜಾಯಿಂಟಿನಲ್ಲಿ ಕೆಲಸ ಮುಗಿಯುತ್ತದೆ, ಕೆಲವೊಮ್ಮೆ ಅದೂ ಬೇಡ. ಮಣ್ಣಿನಡಿ ಹಾಕಿದ ಮೇಲೆ ಪೈಪು ತಾನಾಗಿ ಒಡೆಯುವುದು ಕಡಿಮೆ. ಸೋರುವುದು ಜಾಯಿಂಟಿನಲ್ಲಿ, ಕೆಳಗೆ ಕಲ್ಲು ಒತ್ತಿದ ಕಡೆ, ನಲ್ಲಿಗೆ ಮೇಲೆ ಏಳುವ ತಿರುವಿನಲ್ಲಿ. ಅದರಲ್ಲಿ ಜಾಯಿಂಟಿನ ಕಾಟವನ್ನೇ ಕಡಿಮೆ ಮಾಡುವ ಪೈಪು ಸಿಗುವಾಗ ಬಿಡುವುದು ಯಾಕೆ? ಗುಡ್ಡದ ಇಳಿಜಾರಿನಲ್ಲಿ ಬಾಗಿ ಬಳುಕಿ ಹೋಗುವುದಕ್ಕೂ ಅದೇ ಸಲೀಸು. ಆದರೆ ಅಗ್ಗಕ್ಕೆ ಸಿಗುವ, ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ ಕಪ್ಪು ಪೈಪು ಮಾತ್ರ ಬೇಡ. ಐಎಸ್‌ಐ ಗುರುತಿನ ಜೊತೆ ಐಎಸ್ 4984 ಎಂದು ಪೈಪಿನ ಮೇಲೆ ಅಚ್ಚಾಗಿದೆಯಾ ನೋಡಿ. ಪಿವಿಸಿ ಆದರೆ ಆ ಅಂಕಿ 4985.

ಅಳತೆ 32 ಎಂಎಂ ಸಾಕು, ಅಂದರೆ ಒಂದಿಂಚು. ಒಳವ್ಯಾಸ 25 ಎಂಎಂ ಇರುವ ಪೈಪಿನಲ್ಲಿ ನಿಮಿಷಕ್ಕೆ 30 ಲೀಟರ್ ಓಡಿದರೆ 100 ಮೀಟರಿಗೆ ಸುಮಾರು 5 ಮೀಟರ್ ಎತ್ತರದಷ್ಟು ಒತ್ತಡ ತಿಕ್ಕಾಟದಲ್ಲೇ ಹೋಗುತ್ತದೆ. ನಿಮಗೆ 30 ಮೀಟರ್ ಇದೆ, ಅಡ್ಡಿಯಿಲ್ಲ. ಆದರೆ ಬಯಲುಸೀಮೆಯಲ್ಲಿ 15 ಅಡಿ ಸ್ಟ್ಯಾಂಡಿನ ಮೇಲೆ ಟ್ಯಾಂಕ್ ಇಟ್ಟುಕೊಂಡವರು ಇದನ್ನು ಓದಿ ಒಂದಿಂಚು ಹಾಕಿಬಿಡಬೇಡಿ. ಅವರಿಗೆ ಇರುವುದೇ ನಾಲ್ಕೂವರೆ ಮೀಟರ್, ನೂರು ಮೀಟರ್ ದೂರದಲ್ಲಿ ನೀರು ಸೊರಗುತ್ತದೆ. ಒಳವ್ಯಾಸ 34 ಎಂಎಂ ಇರುವ ಒಂದೂಕಾಲು ಇಂಚಿನದ್ದಾದರೆ ಅದೇ ನೀರಿಗೆ ನಷ್ಟ 1 ಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಪೈಪು ಒಂದು ಸೈಜ್ ದೊಡ್ಡದಾದರೆ ಇಷ್ಟು ವ್ಯತ್ಯಾಸ ಬರುತ್ತದೆ.

ಇನ್ನು ಆಳ. ನಮ್ಮಲ್ಲಿ ನೆಲ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಆಳ ತೀರ್ಮಾನಿಸುವುದು ಚಳಿಯಲ್ಲ, ಗುದ್ದಲಿ ಮತ್ತು ಗಾಡಿ. ಅರ್ಧ ಅಡಿ ಅಂದರೆ ಬುಡ ಬಿಡಿಸುವ ಆಳಿನ ಗುದ್ದಲಿಗೆ ನೇರ ಸಿಗುತ್ತದೆ, ಕಾಡುಹಂದಿ ಮೂತಿ ಹಾಕಿದರೂ ಸಿಗುತ್ತದೆ. ತೋಟದೊಳಗೆ 2 ಅಡಿ ತೆಗೆಸಿ. ಟ್ರ್ಯಾಕ್ಟರ್, ಪಿಕಪ್ ದಾಟುವ ಕಡೆ 3 ಅಡಿ, ಮತ್ತು ಅಲ್ಲಿ ಪೈಪನ್ನು ದೊಡ್ಡ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ತೂರಿಸಿ. ಬಸಿಗಾಲುವೆ ಹೇಗೂ ತೋಡಿದೆಯಲ್ಲ ಎಂದು ಅದರೊಳಗೇ ಮಲಗಿಸುವವರಿದ್ದಾರೆ, ದಯವಿಟ್ಟು ಬೇಡ. ಪ್ರತಿ ವರ್ಷ ಹೂಳು ತೆಗೆಯುವಾಗ ಏಟು ಬೀಳುವುದು ಅಲ್ಲೇ.

ತೋಡಿದ ಮೇಲೆ ತಳ ನೋಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಜೆಸಿಬಿ ಬಾಡಿಗೆ ಓಡುತ್ತಿದೆ ಎಂಬ ಅವಸರದಲ್ಲಿ ಎಲ್ಲರೂ ಬಿಡುವುದು ಇದನ್ನೇ. ನಿಮ್ಮ ಕಡೆ ಜಂಬಿಟ್ಟಿಗೆಯ ಚೂಪು ತುಂಡುಗಳು ತಳದಲ್ಲಿ ಎದ್ದು ನಿಂತಿರುತ್ತವೆ. ಅದರ ಮೇಲೆ ಪೈಪು ಮಲಗಿ, ಮೇಲಿಂದ ಎರಡಡಿ ಮಣ್ಣು ಕೂತು, ಒಳಗೆ ಒತ್ತಡ ಏರಿಳಿಯುತ್ತಾ ಹೋದರೆ ಕಲ್ಲು ನಿಧಾನವಾಗಿ ಪೈಪನ್ನು ಕೊರೆಯುತ್ತದೆ. ಸೋರಿಕೆ ಕಾಣಿಸುವ ಹೊತ್ತಿಗೆ ಎರಡು ಮೂರು ಮಳೆಗಾಲ ಕಳೆದಿರುತ್ತದೆ, ಕಾರಣ ಯಾರಿಗೂ ನೆನಪಿರುವುದಿಲ್ಲ. ಎದ್ದ ಕಲ್ಲು ತೆಗೆಸಿ, 4 ಇಂಚು ಮರಳು ಅಥವಾ ಜರಡಿ ಹಿಡಿದ ಮಣ್ಣು ಹಾಸಿ. ಪೈಪಿನ ಮೇಲೂ ಅರ್ಧ ಅಡಿ ಅದೇ ನುಣ್ಣನೆ ಮಣ್ಣು. ಆಮೇಲೆ ಅಗೆದ ಮಣ್ಣನ್ನು ಪದರ ಪದರವಾಗಿ ತುಳಿದು ತುಂಬಿಸಿ.

ಪೈಪನ್ನು ಬಿಗಿಯಾಗಿ ಎಳೆದು ಹಾಸಬೇಡಿ. ಎಚ್‌ಡಿಪಿಇ ಬಿಸಿಲಿಗೆ ಬಹಳ ಹಿಗ್ಗುತ್ತದೆ. 100 ಮೀಟರ್ ಪೈಪು 20 ಡಿಗ್ರಿ ಬಿಸಿಯಾದರೆ ಸುಮಾರು 40 ಸೆಂಟಿಮೀಟರ್ ಉದ್ದವಾಗುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಹಿಗ್ಗಿದ್ದನ್ನು ನೇರ ಹಾಸಿ ಮುಚ್ಚಿದರೆ, ಮಣ್ಣಿನ ತಂಪಿಗೆ ಕುಗ್ಗಿ ಎರಡೂ ತುದಿಯ ಜಾಯಿಂಟನ್ನು ಜಗ್ಗುತ್ತದೆ. ಹಾವಿನ ಹಾಗೆ ಸ್ವಲ್ಪ ಡೊಂಕಾಗಿ ಮಲಗಿಸಿ, ಬೆಳಗಿನ ತಂಪಿನಲ್ಲಿ ಮುಚ್ಚಿ. ಆದರೆ ಆ ಡೊಂಕು ಅಡ್ಡಡ್ಡಕ್ಕೆ ಇರಲಿ, ಮೇಲೆ ಕೆಳಗೆ ಬೇಡ. ಇಳಿಜಾರಿನ ಲೈನು ನಡುವೆ ಎಲ್ಲಾದರೂ ಉಬ್ಬಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ನೀರು ಕಡಿಮೆಯಾಗುತ್ತದೆ. ಗುಡ್ಡದ ಝರಿಯಿಂದ ಪೈಪಿನಲ್ಲಿ ಅಬ್ಬಿ ನೀರು ತಂದವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು.

ಪಿವಿಸಿಯೇ ಹಾಕಿಸುವುದಾದರೆ ಒಂದು ವಿಷಯದಲ್ಲಿ ಬಿಗಿಯಾಗಿರಿ. ಕಪ್ಲಿಂಗ್ ಉಳಿಸಲು ಪೈಪಿನ ತುದಿಯನ್ನು ಬೆಂಕಿಗೆ ಹಿಡಿದು ಅಗಲಿಸಿ ಇನ್ನೊಂದನ್ನು ತೂರಿಸುವ ಅಭ್ಯಾಸ ನಮ್ಮಲ್ಲಿ ಎಲ್ಲ ಕಡೆ ಇದೆ. ಹಾಗೆ ಅಗಲಿಸಿದ ಕಡೆ ಗೋಡೆ ತೆಳುವಾಗುತ್ತದೆ, ಪೈಪು ಸುಟ್ಟು ಬಿರುಸಾಗುತ್ತದೆ. ನೀವು 6 ಕೆಜಿಗೆ ದುಡ್ಡು ಕೊಟ್ಟಿದ್ದರೂ ಆ ಜಾಗದಲ್ಲಿ ಅದು 6 ಕೆಜಿಯ ಪೈಪಾಗಿ ಉಳಿದಿರುವುದಿಲ್ಲ. ಸರಿಯಾದ ಕಪ್ಲಿಂಗ್ ತರಿಸಿ. ಕೊಯ್ದ ತುದಿಯ ಜುಂಗು ಕೆರೆದು, ಒಣಬಟ್ಟೆಯಲ್ಲಿ ಒರೆಸಿ, ಎರಡೂ ಕಡೆ ಸಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒತ್ತಿ ಅರ್ಧ ನಿಮಿಷ ಹಿಡಿಯಲಿ. ಒಂದು ದಿನ ಒಣಗುವವರೆಗೆ ಒತ್ತಡದ ನೀರು ಬಿಡಬೇಡಿ.

ನಲ್ಲಿಯ ಜಾಗಕ್ಕೆ ಬರೋಣ. ನೆಲದಿಂದ ಮೇಲೆ ಬರುವ ತುಂಡು ಪ್ಲಾಸ್ಟಿಕ್ ಆಗಿದ್ದರೆ ಬಿಸಿಲಿಗೆ ಹಾಳಾಗುತ್ತದೆ, ಆಳು ಹೋಸ್ ಜಗ್ಗಿದಾಗ ಬುಡದಲ್ಲಿ ಮುರಿಯುತ್ತದೆ. ಕೆಳಗಿನ ಎಲ್ಬೋದಿಂದಲೇ ಜಿಐ ಹಾಕಿ, ಸುತ್ತ ಒಂದಡಿ ಕಾಂಕ್ರೀಟ್ ಗಟ್ಟಿಯಾಗಿ ಹಾಕಿಸಿ, ಪಕ್ಕದಲ್ಲಿ ಕಲ್ಲುಕಂಬ ನಿಲ್ಲಿಸಿ ಕ್ಲಾಂಪ್ ಮಾಡಿ. ಪ್ಲಾಸ್ಟಿಕ್‌ನಿಂದ ಕಬ್ಬಿಣಕ್ಕೆ ಬದಲಾಗುವ ಕಡೆ ಒಳಗೆ ಹಿತ್ತಾಳೆ ಥ್ರೆಡ್ ಇರುವ ಫಿಟ್ಟಿಂಗೇ ಬೇಕು. ಬರೀ ಪ್ಲಾಸ್ಟಿಕ್ ಥ್ರೆಡ್ಡಿಗೆ ದಾರ ಸುತ್ತಿ ಪೈಪ್ ರೆಂಚಿನಲ್ಲಿ ಬಿಗಿದರೆ ಅವತ್ತು ಸೋರುವುದಿಲ್ಲ, ಆದರೆ ಕೂದಲೆಳೆ ಬಿರುಕು ಬಿಟ್ಟಿರುತ್ತದೆ.

ಮುಚ್ಚುವ ಮುಂಚೆ ನೀರು ಬಿಟ್ಟು ನೋಡಿ. ಕೊನೆಯ ನಲ್ಲಿ ತೆರೆದಿಟ್ಟು ನಿಧಾನ ತುಂಬಿಸಿ, ಮಣ್ಣು ಕಸ ಗಾಳಿ ಎಲ್ಲ ಹೋಗಲಿ, ಆಮೇಲೆ ಮುಚ್ಚಿ. ಪೈಪು ಎದ್ದೇಳದ ಹಾಗೆ ನಡುನಡುವೆ ಮಣ್ಣು ಹಾಕಿ, ಜಾಯಿಂಟ್ ಮಾತ್ರ ಬರಿದಾಗಿ ಬಿಡಿ. ಒಂದು ರಾತ್ರಿ ಪೂರ್ತಿ ಒತ್ತಡದಲ್ಲಿ ನಿಲ್ಲಲಿ. ಬೆಳಿಗ್ಗೆ ಕೈಯಿಂದ ಮುಟ್ಟಿ ನೋಡಿ, ತೇವ ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಹಾಗೇ ಫೋನಿನಲ್ಲಿ ಫೋಟೋ ತೆಗೆದು, ಯಾವ ಮರದಿಂದ ಎಷ್ಟು ಅಡಿ ಎಂದು ಬರೆದಿಡಿ. ಪ್ಲಾಸ್ಟಿಕ್ ಪೈಪನ್ನು ಲೋಹ ಹುಡುಕುವ ಯಂತ್ರವೂ ಹುಡುಕಿ ಕೊಡುವುದಿಲ್ಲ. ನಿಮ್ಮ ಮಳೆಗೆ ಇಳಿಜಾರಿನ ಸಡಿಲ ಮಣ್ಣು ಕೊಚ್ಚಿ ಹೋಗಿ ಟ್ರೆಂಚೇ ಹಳ್ಳವಾಗುತ್ತದೆ. ಅಲ್ಲಲ್ಲಿ ಅಡ್ಡಕ್ಕೆ ಕಲ್ಲುಮಣ್ಣಿನ ತಡೆ ಕಟ್ಟಿ, ಮೇಲೆ ಮೂರು ನಾಲ್ಕು ಇಂಚು ದಿಬ್ಬ ಬಿಡಿ.

ಬೋರ್ಡೋ ಎಂದಿರಲ್ಲ, ಅದಕ್ಕೊಂದು ಎಚ್ಚರಿಕೆ. ಹೋಸಿನ ತುದಿಯನ್ನು ಡ್ರಮ್ಮಿನ ದ್ರಾವಣದಲ್ಲಿ ಮುಳುಗಿಸಿಡಬೇಡಿ. ಟ್ಯಾಂಕ್ ಖಾಲಿಯಾದಾಗ, ಅಥವಾ ಅದೇ ಲೈನಿನಲ್ಲಿ ಇನ್ನೂ ತಗ್ಗಿನ ನಲ್ಲಿ ತೆರೆದಾಗ, ಮೈಲುತುತ್ತದ ನೀರು ಪೈಪಿನೊಳಗೆ ಹಿಂದಕ್ಕೆ ಎಳೆದುಕೊಳ್ಳಬಹುದು. ಕೊಟ್ಟಿಗೆಗೂ ಅಡುಗೆಮನೆಗೂ ಅದೇ ಟ್ಯಾಂಕಿನ ನೀರು ಅಲ್ವಾ? ಹೋಸ್ ಡ್ರಮ್ಮಿನ ಬಾಯಿಗಿಂತ ಒಂದು ಗೇಣು ಮೇಲಿರಲಿ, ನಲ್ಲಿಯ ಮುಂಚೆ ಒಂದು ಎನ್‌ಆರ್‌ವಿ (ನೀರನ್ನು ಹಿಂದಕ್ಕೆ ಬಿಡದ ವಾಲ್ವ್) ಇರಲಿ.

ಪ್ರಶ್ನೆ: ಗದಗ ಹತ್ತಿರ ನಮ್ಮ ಎರೆ ಹೊಲ. ಮೂರಡಿ ಆಳದಲ್ಲಿ ಪಿವಿಸಿ ಇದೆ, ಪೈಪು ಒಳ್ಳೆಯದೇ. ಆದರೂ ಪ್ರತಿ ಬೇಸಿಗೆ ಯಾವುದಾದರೊಂದು ಜಾಯಿಂಟ್ ಬಿಚ್ಚುತ್ತದೆ, ನಲ್ಲಿಯ ಪೈಪು ವಾಲುತ್ತದೆ. ಏನು ಮಾಡೋದು?

ಉತ್ತರ: ಇದು ಎರೆ ಮಣ್ಣಿನ ಗುಣ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಆಳಕ್ಕೆ ಬಿರಿಯುತ್ತದೆ. ಪಿವಿಸಿ ಬಾಗುವ ಜಾತಿಯಲ್ಲ, ಅಂಟಿಸಿದ ಜಾಯಿಂಟೂ ಜರುಗುವುದಿಲ್ಲ. ಮಣ್ಣು ಜಗ್ಗಿದಾಗ ಅತಿ ಸೋತ ಜಾಗ ಬಿಡುತ್ತದೆ. ಅಲ್ಲಿ ಸೋರಿದ ನೀರು ಸುತ್ತಲಿನ ಮಣ್ಣನ್ನು ಮತ್ತೆ ಉಬ್ಬಿಸುತ್ತದೆ, ಪಕ್ಕದ ಜಾಯಿಂಟಿಗೂ ಕೇಡು. ಪ್ರತಿ ವರ್ಷ ತೇಪೆ ಹಾಕುವ ಖರ್ಚು ನೋಡಿದರೆ ಒಮ್ಮೆ ಎಚ್‌ಡಿಪಿಇ ರೋಲ್ ಎಳೆಸುವುದೇ ಲೇಸು. ಈಗಲೇ ಆಗದಿದ್ದರೆ ಬಿಚ್ಚಿದ ಕಡೆಯಾದರೂ ಟ್ರೆಂಚನ್ನು ಅಗಲ ಮಾಡಿ, ಪೈಪಿನ ಸುತ್ತ ಅರ್ಧ ಅಡಿ ಗರಸು ಇಲ್ಲವೇ ಮರಳು ತುಂಬಿಸಿ. ಅದೇ ಎರೆ ಮಣ್ಣನ್ನು ವಾಪಸ್ ಹಾಕಬೇಡಿ. ನಲ್ಲಿಯ ಬುಡಕ್ಕೂ ಮುಖ್ಯ ಲೈನಿಗೂ ನಡುವೆ ಒಂದು ಮೀಟರ್ ಎಚ್‌ಡಿಪಿಇ ತುಂಡನ್ನು ಸಡಿಲವಾಗಿ ಬಿಟ್ಟು ಸೇರಿಸಿದರೆ, ಕಾಂಕ್ರೀಟ್ ಕಟ್ಟೆ ಅಲ್ಲಾಡಿದರೂ ಲೈನಿಗೆ ಜಗ್ಗು ಹೋಗುವುದಿಲ್ಲ.

ಪ್ರಶ್ನೆ: ನಾವು ಅಮೆರಿಕದ ಮಿನ್ನೆಸೋಟದಲ್ಲಿದ್ದೇವೆ. ಹಿತ್ತಲಿನ ತುದಿಯಲ್ಲಿ ಬದನೆ, ಹೀರೆ, ಮೆಂತ್ಯ ಬೆಳೆಯುತ್ತೇವೆ. ಅಲ್ಲಿಗೊಂದು ನಲ್ಲಿ ಹಾಕಿಸಲು ಐದಡಿಗಿಂತ ಜಾಸ್ತಿ ಅಗೆಯಬೇಕು ಎನ್ನುತ್ತಾರೆ. ನಿಜಾನಾ?

ಉತ್ತರ: ಚಳಿಗಾಲದಲ್ಲೂ ನೀರು ಬೇಕಾದರೆ ನಿಜ. ಆ ರಾಜ್ಯದ ಕಟ್ಟಡ ನಿಯಮದಲ್ಲಿ ನೆಲ ಹೆಪ್ಪುಗಟ್ಟುವ ಆಳವನ್ನು ಪಾಯಕ್ಕೆಂದು ದಕ್ಷಿಣದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು ಎಂದು ಹಿಡಿದಿದ್ದಾರೆ. ನೀರಿನ ಪೈಪನ್ನು ಅದಕ್ಕೂ ಆಳಕ್ಕೆ ಹಾಕುವುದು ರೂಢಿ. ಅಲ್ಲಿ ಸಿಗುವ ಹಿಮ ತಡೆಯುವ ನಲ್ಲಿಯಲ್ಲಿ ವಾಲ್ವ್ ಇರುವುದು ತಳದಲ್ಲಿ. ಹಿಡಿ ಇಳಿಸಿದಾಗ ಕೊಳವೆಯಲ್ಲಿ ಉಳಿದ ನೀರು ಕೆಳಗಿನ ಸಣ್ಣ ತೂತಿನಿಂದ ಮಣ್ಣಿಗೆ ಬಸಿದು ಹೋಗುತ್ತದೆ, ಹೆಪ್ಪುಗಟ್ಟಲು ಏನೂ ಉಳಿಯುವುದಿಲ್ಲ. ಆ ತೂತಿನ ಸುತ್ತ ಜಲ್ಲಿ ಧಾರಾಳವಾಗಿ ತುಂಬಿಸಿ, ಸೆಪ್ಟಿಕ್ ಟ್ಯಾಂಕಿನಿಂದ ದೂರ ಇಡಿ. ಹಿಡಿಯನ್ನು ಪೂರ್ತಿ ತೆರೆಯಬೇಕು ಇಲ್ಲ ಪೂರ್ತಿ ಮುಚ್ಚಬೇಕು. ಅರ್ಧ ತೆರೆದರೆ ಆ ತೂತಿನಿಂದಲೂ ನೀರು ಹೋಗುತ್ತಿರುತ್ತದೆ.

ಆದರೆ ನಿಮ್ಮ ತರಕಾರಿ ಬೇಸಿಗೆಯದ್ದು ಮಾತ್ರ ಅಲ್ವಾ? ಹಾಗಿದ್ದರೆ ಒಂದಡಿ ಆಳದಲ್ಲಿ ಪಾಲಿಥೀನ್ ಪೈಪು ಹಾಕಿ, ಮನೆಯ ಕಡೆ ಒಂದು ವಾಲ್ವ್, ತಗ್ಗಿನ ತುದಿಯಲ್ಲಿ ಬಸಿಯುವ ವಾಲ್ವ್ ಇಟ್ಟುಕೊಳ್ಳಿ. ನೆಲ ಹೆಪ್ಪುಗಟ್ಟುವ ಮುಂಚೆ ನೀರು ಬಸಿದು, ಕಂಪ್ರೆಸರ್ ಗಾಳಿಯಲ್ಲಿ ಊದಿಸಿ ಖಾಲಿ ಮಾಡಿದರೆ ಸಾಕು, ಖರ್ಚು ಎಷ್ಟೋ ಕಡಿಮೆ. ಯಾವುದೇ ಮಾಡಿ, ಅಗೆಯುವ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿ. ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆ ಎಂದು ಪುಕ್ಕಟೆಯಾಗಿ ಗುರುತು ಹಾಕಿ ಹೋಗುತ್ತಾರೆ. ಹಿಂದಿನ ಮಾಲೀಕರು ಹಾಕಿಸಿದ ಸ್ಪ್ರಿಂಕ್ಲರ್ ಲೈನು ಅವರ ಲೆಕ್ಕದಲ್ಲಿ ಬರುವುದಿಲ್ಲ, ಅದನ್ನು ನೀವೇ ಹುಡುಕಿಕೊಳ್ಳಬೇಕು. ಹಿಮ ತಡೆಯುವ ನಲ್ಲಿಯನ್ನೇ ಹಾಕಿಸಿದರೆ ಚಳಿಗಾಲದಲ್ಲಿ ಪ್ರತಿ ಸಲ ಬಳಸಿದ ಮೇಲೆ ಹೋಸ್ ಬಿಚ್ಚಿಡಿ. ಹೋಸ್ ಸಿಕ್ಕಿಸಿಯೇ ಬಿಟ್ಟರೆ ಒಳಗಿನ ನೀರು ಬಸಿಯುವುದಿಲ್ಲ, ಅಷ್ಟು ಆಳ ಅಗೆಸಿದ್ದರೂ ಕೊಳವೆ ಒಡೆಯುತ್ತದೆ.