ಸರ್ವೆಗೆ ಬಂದ ಹುಡುಗ ಯಾರ ಕಡೆಯವನು?

ಪ್ರಶ್ನೆ: ಮಗ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಚುನಾವಣಾ ಸಲಹಾ ಕಂಪನಿಗೆ ಸೇರಿದ್ದಾನೆ. ಬೇಲೂರು, ಅರಕಲಗೂಡು ಕಡೆ ಹಳ್ಳಿಗಳಲ್ಲಿ ಸರ್ವೆ ಮಾಡ್ತಾನೆ. ಹೋದ ಸಲ ಒಂದು ಪಕ್ಷಕ್ಕೆ, ಈ ಸಲ ಅದರ ಎದುರಾಳಿಗೆ. ಜನ ಕೇಳಿದರೆ ಯಾವ ಪಕ್ಷ ಅಂತ ಹೇಳಬಾರದಂತೆ. ಇದು ಮರ್ಯಾದೆಯ ಕೆಲಸವೇ?
– ಹೆಸರು ಬೇಡ ಎಂದವರು, ಹಾಸನ

ಉತ್ತರ: ಪಕ್ಷ ಬದಲಾಯಿಸಿದ ಅಂತ ಬೇಜಾರು ಮಾಡಿಕೊಳ್ಳಬೇಡಿ ಅಮ್ಮ. ಆ ಕಸುಬಿನ ದೊಡ್ಡವರೇ ಹಾಗೆ. ಪ್ರಶಾಂತ್ ಕಿಶೋರ್ 2014ರಲ್ಲಿ ಮೋದಿಯವರಿಗೆ ದುಡಿದರು, ಮರುವರ್ಷ ಬಿಹಾರದಲ್ಲಿ ಬಿಜೆಪಿ ವಿರುದ್ಧ ನಿತೀಶ್ ಕುಮಾರ್ ಪರ ನಿಂತರು, 2021ರಲ್ಲಿ ಬಂಗಾಳದಲ್ಲಿ ಮಮತಾ ಬ್ಯಾನರ್ಜಿಯವರಿಗೆ. (ಅವರೇ ಕಟ್ಟಿದ ಪಕ್ಷ 2025ರಲ್ಲಿ ಬಿಹಾರದಲ್ಲಿ ಚುನಾವಣೆಗೆ ಇಳಿದಾಗ ಒಂದು ಸೀಟೂ ಬರಲಿಲ್ಲ, ಅದು ಬೇರೆ ಮಾತು.) ವಕೀಲರೂ ಇವತ್ತು ಈ ಕಕ್ಷಿದಾರ, ನಾಳೆ ಇನ್ನೊಬ್ಬ. ಆದರೆ ವಕೀಲರ ವಕಾಲತ್ತು ಫೈಲಿನಲ್ಲಿ ಇರುತ್ತೆ, ಯಾರ ಪರ ಅಂತ ಇಡೀ ಕೋರ್ಟಿಗೆ ಗೊತ್ತು.

ನನ್ನ ತಕರಾರು ಆ "ಹೇಳಬಾರದು" ಅನ್ನೋದರ ಮೇಲೆ. ಗೋಡೆಗೆ ಅಂಟಿಸುವ ಚುನಾವಣಾ ಪೋಸ್ಟರಿಗೂ ಮುದ್ರಕರ, ಪ್ರಕಾಶಕರ ಹೆಸರು ಇರಲೇಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಅದನ್ನೇ ಹೇಳುತ್ತೆ. ಮನೆ ಬಾಗಿಲಿಗೆ ಬಂದು, ಜಾತಿ ಕೇಳಿ, ಯಾರಿಗೆ ಓಟು ಅಂತ ಕೇಳಿ, ಫೋನ್ ನಂಬರ್ ಬರೆದುಕೊಂಡು ಹೋಗುವ ಹುಡುಗನಿಗೆ ಅಷ್ಟೂ ಬೇಡವೇ? ಸರ್ವೆ ಹೆಸರಿನಲ್ಲಿ, ಚುನಾವಣೆ ಆದ ಮೇಲೆ ಕೊಡುತ್ತೇವೆ ಅನ್ನುವ ಯೋಜನೆಗಳಿಗೆ ಮತದಾರರ ಹೆಸರು ನೋಂದಾಯಿಸುವುದನ್ನು ನಿಲ್ಲಿಸಿ ಅಂತ ಚುನಾವಣಾ ಆಯೋಗವೇ 2024ರ ಮೇನಲ್ಲಿ ಪಕ್ಷಗಳಿಗೆ ಹೇಳಬೇಕಾಯ್ತು. ದುಡ್ಡಿನ ಕಥೆಯೂ ಹೀಗೇ. ವಿಧಾನಸಭೆ ಅಭ್ಯರ್ಥಿಗೆ ನಮ್ಮಲ್ಲಿ 40 ಲಕ್ಷದ ಮಿತಿ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ.

ಹಿಂದಿನವರೇನು ಹಾಲಿನಲ್ಲಿ ಕೈ ತೊಳೆದವರಲ್ಲ. 1978ರಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿ ನಿಂತಾಗ ತಂತ್ರ ಜೋರಾಗೇ ನಡೆಯಿತು. ಆದರೆ ಅದರ ಹಿಂದೆ ದೇವರಾಜ ಅರಸು ಇದ್ದಾರೆ ಅಂತ ಸಂತೆಗೆ ಬಂದವರಿಗೂ ಗೊತ್ತಿತ್ತು, ಬೈಯೋದಾದರೆ ಅವರನ್ನೇ ಬೈಯಬಹುದಿತ್ತು.

ಮಗನಿಗೆ ಇಷ್ಟು ಹೇಳಿ: ಯಾರಾದರೂ ಕೇಳಿದರೆ "ಸ್ವತಂತ್ರ ಸರ್ವೆ" ಅಂತ ಸುಳ್ಳು ಹೇಳಬೇಡ. ಕಂಪನಿ ಹಾಗೇ ಹೇಳು ಅಂದರೆ ಬೇರೆ ಕೆಲಸ ನೋಡಿಕೊಳ್ಳಲಿ.

ಪ್ರಶ್ನೆ: ನಮ್ಮ ಕಾಫಿ ಬೆಳೆಗಾರರ ಸಂಘದವರು ಡೆಲ್ಲಿಗೆ ಹೋಗಿ ಮಂತ್ರಿಗೆ ಮನವಿ ಕೊಟ್ಟರೆ ಪೇಪರ್‌ನಲ್ಲಿ ಫೋಟೋ. ಕಂಪನಿಯವರು ಮಾಡಿದರೆ ಲಾಬಿ ಅಂತ ಬೈಗುಳ. ಏನು ವ್ಯತ್ಯಾಸ?
– ಒಬ್ಬ ಬೆಳೆಗಾರ, ಮೂಡಿಗೆರೆ

ಉತ್ತರ: ನೀವು ಮಾಡೋದೂ ಲಾಬಿನೇ ಸ್ವಾಮಿ, ತಪ್ಪೇನಿಲ್ಲ. ಬೆಳೆಗಾರರು ವರ್ಷಗಟ್ಟಲೆ ಒತ್ತಡ ಹಾಕಿರದಿದ್ದರೆ ಬೆಳೆದ ಕಾಫಿಯನ್ನು ಕಾಫಿ ಮಂಡಳಿಗೇ ಕೊಡಬೇಕು ಅನ್ನುವ ಪೂಲಿಂಗ್ ಪದ್ಧತಿ 1996ರಲ್ಲಿ ಪೂರ್ತಿ ಹೋಗುತ್ತಿತ್ತಾ? ವ್ಯತ್ಯಾಸ ಇರೋದು ಆ ಫೋಟೋದಲ್ಲೇ. ಯಾರು ಹೋದರು, ಏನು ಕೇಳಿದರು, ಊರಿಗೆ ಗೊತ್ತು. 2012ರಲ್ಲಿ ವಾಲ್‌ಮಾರ್ಟ್ ಭಾರತದ ಮಾರುಕಟ್ಟೆಗಾಗಿ ಲಾಬಿ ಮಾಡಿದೆ ಅಂತ ನಮ್ಮ ಸಂಸತ್ತಿನಲ್ಲಿ ಗಲಾಟೆ ಆಯ್ತಲ್ಲ, ಆ ಸುದ್ದಿ ಹೊರಬಿದ್ದದ್ದೇ ಕಂಪನಿ ಅಮೆರಿಕದಲ್ಲಿ ಕೊಟ್ಟ ಲೆಕ್ಕದಿಂದ. ಅಲ್ಲಿ 1995ರ ಕಾಯ್ದೆ ಪ್ರಕಾರ ಲಾಬಿ ಖರ್ಚನ್ನು ಸರ್ಕಾರಕ್ಕೆ ತೋರಿಸಬೇಕು. ನಮ್ಮಲ್ಲಿ ಅಂಥ ಕಾನೂನೇ ಇಲ್ಲ. ಕಾನೂನು ಬರುವವರೆಗೆ ಒಂದು ಕೆಲಸ ಮಾಡಿ: ಸಂಘದ ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು, ಡೆಲ್ಲಿ ಟಿಕೆಟಿನ ದುಡ್ಡು ಯಾರು ಕೊಟ್ಟರು ಅಂತ ಕೇಳಿ.