‘ಆ ಸಿನಿಮಾ ನೋಡಿದ ಮೇಲೆ ನಿದ್ದೆ ಬರ್ತಿಲ್ಲ ಅಕ್ಕಾವ್ರೆ’

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ್ದು: ಸಿನಿಮಾ, ಮುಸ್ಲಿಮರು, ಮದುವೆ. ಅದಕ್ಕೇ ಅಡುಗೆ, ಆರೋಗ್ಯದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾವ್ರೆ, ಮಗಳಿಗೆ 26 ವರ್ಷ, ಬೆಂಗಳೂರಿನಲ್ಲಿ ಕೆಲಸ. ಹೋದ ತಿಂಗಳು ಊರಿಗೆ ಬಂದಾಗ ಒಬ್ಬ ಮುಸ್ಲಿಂ ಹುಡುಗನನ್ನು ಮದುವೆ ಆಗ್ತೀನಿ ಅಂದಳು. ಹುಡುಗ ನಮ್ಮ ಕಡೆಯವನೇ, ಮಾನ್ವಿಯವನು. ನಾನು ‘ದಿ ಕೇರಳ ಸ್ಟೋರಿ’ ನೋಡಿದ್ದೇನೆ, ಹುಡುಗಿಯರನ್ನು ಮತಾಂತರ ಮಾಡಿ ಐಸಿಸ್ ಉಗ್ರರ ಕಡೆ ಕಳಿಸುವ ಕಥೆ. ಕಣ್ಣು ಮುಚ್ಚಿದರೆ ಆ ಸಿನಿಮಾದ ಹುಡುಗಿ ಕಾಣುತ್ತಾಳೆ, ಮುಖ ಮಾತ್ರ ನನ್ನ ಮಗಳದು. ತಮ್ಮಂದಿರು ದಿನಾ ವಾಟ್ಸಾಪಿನಲ್ಲಿ ಅಂಥದ್ದೇ ವಿಡಿಯೋ ಕಳಿಸುತ್ತಾರೆ. ಏನು ಮಾಡಲಿ?
– ಒಬ್ಬ ತಂದೆ, ಸಿಂಧನೂರು

ಉತ್ತರ: ಅಣ್ಣಾ, ಮಗಳು ಬಸ್ ಹತ್ತಿ ಊರಿಗೆ ಬಂದು ನಿಮ್ಮೆದುರು ಕೂತು ಹೇಳಿದ್ದಾಳೆ. ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟ ಮಾತು ಅದೇ. ಆ ಬಾಗಿಲು ಮುಚ್ಚಬೇಡಿ, ಮಿಕ್ಕಿದ್ದೆಲ್ಲ ಆಮೇಲೆ.

ಈಗ ಆ ಸಿನಿಮಾ. 2023ರ ಮೇ 5ಕ್ಕೆ ಅದು ಬಿಡುಗಡೆ ಆಯಿತು. ನಮ್ಮ ರಾಜ್ಯದ ಮತದಾನಕ್ಕೆ ಇನ್ನೂ ಐದು ದಿನ ಇತ್ತು, ಅವತ್ತೇ ಬಳ್ಳಾರಿಯ ಚುನಾವಣಾ ಸಭೆಯಲ್ಲಿ ಪ್ರಧಾನಿ ಅದರ ಬಗ್ಗೆ ಮಾತಾಡಿದರು. ಅಂದರೆ ನಮ್ಮ ಕಡೆ ಜನ ಅದನ್ನು ಬರೀ ಸಿನಿಮಾ ಅಂತ ನೋಡಲಿಲ್ಲ, ಚುನಾವಣೆಯ ಕಾವಿನಲ್ಲಿ ನೋಡಿದರು. ಟೀಸರಿನಲ್ಲಿ ಕೇರಳದ 32,000 ಹುಡುಗಿಯರ ಕಥೆ ಅಂದಿದ್ದರು. ಗಲಾಟೆ ಆದ ಮೇಲೆ ಅದೇ ಯೂಟ್ಯೂಬಿನಲ್ಲಿ ಮೂವರು ಹುಡುಗಿಯರ ಕಥೆ ಅಂತ ಬದಲಾಯಿತು. 32,000 ಎಲ್ಲಿ, ಮೂರು ಎಲ್ಲಿ? ಪಶ್ಚಿಮ ಬಂಗಾಳ ಸರ್ಕಾರ ಹಾಕಿದ ನಿಷೇಧಕ್ಕೆ ಮೇ 18ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಜೊತೆಗೇ, 32,000 ಅನ್ನೋ ಲೆಕ್ಕಕ್ಕೆ ಅಧಿಕೃತ ಆಧಾರ ಇಲ್ಲ, ಇದು ಕಲ್ಪಿಸಿದ ಕಥನ ಅಂತ ತೆರೆ ಮೇಲೆ ಹಾಕಬೇಕು ಅಂತಲೂ ಆಯಿತು. 2025ರಲ್ಲಿ ಅದೇ ಚಿತ್ರಕ್ಕೆ ನಿರ್ದೇಶನದ ರಾಷ್ಟ್ರಪ್ರಶಸ್ತಿಯೂ ಬಂತು. ಪ್ರಶಸ್ತಿ ಬಂದ ಮಾತ್ರಕ್ಕೆ ಆ ಲೆಕ್ಕ ನಿಜ ಆಗುವುದಿಲ್ಲ ಅಣ್ಣಾ.

ಹಾಗಂತ ನಿಮ್ಮ ಭಯ ಪೂರ್ತಿ ಗಾಳಿಮಾತು ಅಂತಲೂ ನಾನು ಹೇಳಲ್ಲ. 2016ರಲ್ಲಿ ಕೇರಳದಿಂದ ಸುಮಾರು 20 ಜನ ಐಸಿಸ್ ಸೇರಲು ಅಫ್ಘಾನಿಸ್ತಾನಕ್ಕೆ ಹೋದದ್ದು ನಿಜ. ಅವರಲ್ಲಿ ಮತಾಂತರ ಆದ ಹೆಣ್ಣುಮಕ್ಕಳಿದ್ದರು. ಕೆಲವರ ಗಂಡಂದಿರು ಕೂಡ ಕ್ರೈಸ್ತ ಮನೆಯಲ್ಲಿ ಹುಟ್ಟಿ ಮತಾಂತರ ಆದವರೇ, ಇದನ್ನು ಯಾರೂ ಹೇಳುವುದಿಲ್ಲ. ಆ ತಂದೆತಾಯಿಗಳ ಸಂಕಟ ನೆನೆದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಆದರೆ ಆ ಕೆಲವರ ಕಥೆ ಹಿಡಿದು ಮಾನ್ವಿಯ ಹುಡುಗನನ್ನು ಅಳೆಯುವುದು ಅನ್ಯಾಯ. ಅವನ ಬಗ್ಗೆ ನಿಮಗೆ ಇದುವರೆಗೆ ಗೊತ್ತಿರುವುದು ಅವನ ಧರ್ಮ ಒಂದೇ, ಅಲ್ವಾ?

ಆದ್ದರಿಂದ ವಿಚಾರಿಸಿ. ಬೇರೆ ಯಾವ ಅಳಿಯನನ್ನಾದರೂ ಹೇಗೆ ವಿಚಾರಿಸುತ್ತಿದ್ದಿರೋ ಹಾಗೆ. ಕೆಲಸ ಏನು, ಕುಡಿಯುತ್ತಾನಾ, ಸಾಲ ಇದೆಯಾ, ಸಿಟ್ಟು ಬಂದಾಗ ಹೇಗಿರುತ್ತಾನೆ. ಮಾನ್ವಿ ದೂರ ಏನಲ್ಲ, ಹೋಗಿ ಅವನ ತಂದೆತಾಯಿ ಜೊತೆ ಕೂತು ಒಂದು ಕಪ್ ಚಹಾ ಕುಡಿದು ಬನ್ನಿ. ಮಗಳಿಗೆ ಮಾತ್ರ ಎರಡು ಪ್ರಶ್ನೆ ನೇರವಾಗಿ ಕೇಳಿ. ನಿನ್ನ ಹೆಸರು, ಧರ್ಮ ಬದಲಾಯಿಸು ಅಂತ ಯಾರಾದರೂ ಹೇಳಿದ್ದಾರಾ? ಮದುವೆ ಆದ ಮೇಲೆ ನಮ್ಮನೆಗೆ ಬಂದು ಹೋಗೋದಕ್ಕೆ ಅವನದು ಏನಾದರೂ ತಕರಾರು ಇದೆಯಾ? ಎರಡಕ್ಕೂ ‘ಇಲ್ಲ’ ಅಂದರೆ ಅರ್ಧ ಭಾರ ಇಳಿಯುತ್ತದೆ. ‘ಹೌದು’ ಅಂದರೆ ಆಗ ನಿಮ್ಮ ಆತಂಕಕ್ಕೆ ಕಾರಣ ಇದೆ, ಅದನ್ನು ಅವಳ ಜೊತೆಗೇ ಮಾತಾಡಿ.

ಮದುವೆ ಅಂತ ಆದರೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲೇ ಆಗಲಿ. ಅದರಲ್ಲಿ ಇಬ್ಬರೂ ಅವರವರ ಧರ್ಮದಲ್ಲೇ ಇರಬಹುದು. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸ ಇರುವ ಜಿಲ್ಲೆಯಲ್ಲಿ ಅರ್ಜಿ ಕೊಡಬೇಕು. ಕಚೇರಿ ಬೋರ್ಡಿಗೆ ನೋಟಿಸ್ ಅಂಟಿಸುತ್ತಾರೆ, 30 ದಿನ ಕಾಯಬೇಕು, ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ಧರ್ಮ ಬೇರೆ ಅನ್ನುವುದು ತಕರಾರಿಗೆ ಕಾರಣವೇ ಅಲ್ಲ. ಆದರೆ ಆ 30 ದಿನ ಕಷ್ಟದ್ದು. ಯಾರೋ ಬೋರ್ಡಿನ ಫೋಟೋ ಹೊಡೆದು ಗ್ರೂಪುಗಳಿಗೆ ಹಾಕಿದರೆ ಅದು ಸಂಜೆಯೊಳಗೆ ನಿಮ್ಮ ತಮ್ಮಂದಿರ ಫೋನಿಗೇ ಬರುತ್ತದೆ. ಅದಕ್ಕೆ ಮೊದಲು ನೀವೇ ಅವರನ್ನು ಕೂರಿಸಿಕೊಂಡು ಹೇಳಿ. ಇನ್ನೊಂದು ಮಾತು, ಬರೀ ನಿಕಾಹ್ ಮಾಡಿ ಸುಮ್ನೆ ಆಗಬೇಡಿ. ಧರ್ಮ ಬದಲಿಸದ ಹಿಂದೂ ಹೆಂಡತಿಯ ನಿಕಾಹ್ ಕ್ರಮಬದ್ಧ ಅಲ್ಲ, ಮಕ್ಕಳಿಗೆ ಹಕ್ಕಿದ್ದರೂ ಹೆಂಡತಿಗೆ ಗಂಡನ ಆಸ್ತಿಯಲ್ಲಿ ವಾರಸಾ ಸಿಗಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಶೇಷ ಕಾಯ್ದೆಯಲ್ಲಿ ಆ ತೊಂದರೆ ಇಲ್ಲ.

ನಮ್ಮ ಓಣಿಯಲ್ಲೇ ಇಂಥ ಒಂದು ಜೋಡಿ ಇದೆ. ಹನ್ನೊಂದು ವರ್ಷ ಆಯಿತು. ಅವನು ಜೀನ್ಸ್ ಹೊಲಿಗೆ ಘಟಕದಲ್ಲಿ ಕಟಿಂಗ್ ಮಾಸ್ಟರ್, ಅವಳು ಅಂಗನವಾಡಿ ಟೀಚರ್. ಅವರ ಅಡುಗೆಮನೆಯಲ್ಲಿ ಮಟನ್ ಪಾತ್ರೆ ಎರಡು, ಕೆಳಗಿನ ಗೂಡಿನಲ್ಲಿ ಬೇರೆ ಇರುತ್ತವೆ. ಮೇಲಿನ ಗೂಡಿನಲ್ಲಿ ಅವಳ ದೇವರ ಫೋಟೋ. ಅವಳ ತಾಯಿ ಪಂಚಮಿಗೆ ಶೇಂಗಾ ಉಂಡಿ ಡಬ್ಬಿ ಹಿಡಿದು ಬರುತ್ತಾರೆ, ಇವತ್ತಿಗೂ ಆ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಆದರೂ ಬರುತ್ತಾರೆ, ಮೊಮ್ಮಗನ ತಲೆಗೆ ಎಣ್ಣೆ ಹಚ್ಚಿ ಹೋಗುತ್ತಾರೆ. ಇಂಥ ಮನೆಯನ್ನು ಯಾರೂ ಸಿನಿಮಾ ಮಾಡಿಲ್ಲ, ನನಗೆ ಬೇಜಾರು ಇರುವುದು ಅಲ್ಲೇ.

ಪ್ರಶ್ನೆ: ಅಕ್ಕಾ, ನಾನು ಮುಸ್ಲಿಂ ಹುಡುಗಿ, ಬಿ.ಇಡಿ ಓದುತ್ತಿದ್ದೇನೆ. ಒಂದೊಂದು ಸಿನಿಮಾ ಬಂದಾಗಲೂ ಕ್ಲಾಸಿನವರು ‘ನಿಮ್ಮನೇಲೂ ಹಿಂಗೇನಾ’ ಅಂತ ಕೇಳುತ್ತಾರೆ. ಮುಸ್ಲಿಂ ಮನೆಯಲ್ಲಿ ಮಕ್ಕಳ ಮೇಲೆ ಮಕ್ಕಳು ಅಂತ ತೋರಿಸುವ ‘ಹಮಾರೆ ಬಾರಹ್’ ಸಿನಿಮಾ ಬಂದಾಗ ನಮ್ಮ ಸರ್ಕಾರ ತಡೆದದ್ದು ಸರಿ ಅಲ್ವಾ?
– ವಿದ್ಯಾರ್ಥಿನಿ, ರಾಯಚೂರು

ಉತ್ತರ: ತಂಗಿ, ನಿನ್ನ ನೋವು ಪೂರ್ತಿ ಒಪ್ಪುತ್ತೇನೆ, ನಿಷೇಧ ಮಾತ್ರ ಒಪ್ಪಲ್ಲ. 2024ರ ಜೂನಿನಲ್ಲಿ ನಮ್ಮ ಸರ್ಕಾರ ಅದನ್ನು ಎರಡು ವಾರ ತಡೆಯಿತು. ಅತ್ತ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ಸ್ವತಃ ಸಿನಿಮಾ ನೋಡಿದರು, ಕೆಲವು ಮಾತು ತೆಗೆಸಿದರು, ಜೂನ್ 21ಕ್ಕೆ ಅದು ಬಿಡುಗಡೆ ಆಯಿತು. ಟ್ರೇಲರಿನ ಬಗ್ಗೆ ಅವರಿಗೂ ಬೇಸರ ಇತ್ತು. ಪೂರ್ತಿ ಸಿನಿಮಾ ನೋಡದವರು ಕೂಡ ಟ್ರೇಲರ್ ನೋಡಿರುತ್ತಾರೆ, ನಿನ್ನ ಕ್ಲಾಸಿನವರೂ ಅದನ್ನೇ ನೋಡಿರುತ್ತಾರೆ. ಹೀಗೆ ಇವತ್ತು ಇದನ್ನು ತಡೆದರೆ ನಾಳೆ ನಿನಗೆ ಬೇಕಾದ ಸಿನಿಮಾವನ್ನೂ ತಡೆಯುತ್ತಾರೆ.

ನಿನಗೆ ಬೇಕಾದ ಸಿನಿಮಾ ಇವೆ, ಅದೂ ಕನ್ನಡದಲ್ಲೇ. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ನೋಡು, 2004ರದ್ದು. ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕಥೆ ಅದು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದರಲ್ಲ, ಅವರೇ. ಹೆಣ್ಣು ಹೆತ್ತಳು ಅಂತ ಗಂಡ ಬಿಟ್ಟು ಹೋದ ಹೆಂಗಸು ಮಸೀದಿ ಮುಂದೆ ನ್ಯಾಯ ಕೇಳುತ್ತಾ ಕೂರುತ್ತಾಳೆ. ಜಮಾತಿನ ದೊಡ್ಡವರನ್ನು ಅಷ್ಟು ಖಾರವಾಗಿ ಕೇಳಿದ ಸಿನಿಮಾ ನಾನು ಬೇರೆ ನೋಡಿಲ್ಲ. ಆದರೂ ನಿನ್ನಂಥ ಹುಡುಗಿಗೆ ಅದನ್ನು ನೋಡಿ ಅವಮಾನ ಅನಿಸುವುದಿಲ್ಲ, ಯಾಕೆಂದರೆ ಕಥೆ ಆ ಹೆಂಗಸಿನ ಪಕ್ಕದಲ್ಲೇ ಕೂತಿರುತ್ತದೆ. ಅವಳ ಹಸಿವು, ಅವಳ ಮಕ್ಕಳು, ಅವಳ ಹಟ ಎಲ್ಲ ಕಾಣುತ್ತದೆ. 2008ರ ‘ಗುಲಾಬಿ ಟಾಕೀಸ್’ ಕೂಡ ಹಾಗೇ. ಉಮಾಶ್ರೀ ಅವರ ಗುಲಾಬಿ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು. ತಪ್ಪು ತೋರಿಸಬಾರದು ಅಂತ ನಾವು ಯಾರೂ ಹೇಳುತ್ತಿಲ್ಲ, ತೋರಿಸುವಾಗ ಮನುಷ್ಯರನ್ನು ತೋರಿಸಿ ಅಂತಷ್ಟೇ ಕೇಳುತ್ತಿದ್ದೇವೆ.

ಕ್ಲಾಸಿನಲ್ಲಿ ಕೇಳಿದವರಿಗೆ ಸಿಟ್ಟಿನಲ್ಲಿ ಉತ್ತರ ಕೊಡಬೇಡ. ಒಂದು ಭಾನುವಾರ ಇಬ್ಬರನ್ನು ಊಟಕ್ಕೆ ಕರಿ.

ಪ್ರಶ್ನೆ: ಈ ಗಲಾಟೆ ಎಲ್ಲ ಈಚೆಗೆ ಶುರುವಾಗಿದ್ದಾ? ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಮೊಹರಂ ಬಂದರೆ ನಾವೂ ಲಾಡಿ (ಹರಕೆಯ ದಾರ) ಕಟ್ಟಿಕೊಂಡು ಫಕೀರರಾಗುತ್ತಿದ್ದೆವು.
– ನಿವೃತ್ತ ಶಿಕ್ಷಕರು, ಮುದಗಲ್ಲ

ಉತ್ತರ: ಸರ್, ಮುದಗಲ್ಲದವರಿಗೆ ಮೊಹರಂ ಬಗ್ಗೆ ನಾನೇನು ಹೇಳಲಿ! ನಮ್ಮಜ್ಜಿಯೂ ಅಲಾಯಿ ದೇವರಿಗೆ ಸಕ್ಕರೆ ಓದಿಸಿಕೊಂಡು ಬಂದು ನಮ್ಮ ಕೈಗೆ ಚೂರು ಚೂರು ಹಾಕುತ್ತಿದ್ದರು. ಆದರೆ ದೇವರನ್ನು ಹಂಚಿಕೊಂಡವರು ಮದುವೆ ಮಾತು ಬಂದರೆ ಅವತ್ತೂ ಒಪ್ಪುತ್ತಿರಲಿಲ್ಲ, ಇದನ್ನು ನಾವು ಪ್ರಾಮಾಣಿಕವಾಗಿ ಹೇಳಬೇಕು.

ಸಿನಿಮಾ ಗಲಾಟೆಯೂ ಹೊಸದಲ್ಲ. 1995ರ ‘ಬಾಂಬೆ’ಯಲ್ಲಿ ಹುಡುಗ ಹಿಂದೂ, ಹುಡುಗಿ ಮುಸ್ಲಿಂ. ಮುಸ್ಲಿಂ ಸಂಘಟನೆಗಳು ವಿರೋಧಿಸಿದವು, ಮಣಿರತ್ನಂ ಅವರ ಮನೆ ಮೇಲೆ ಬಾಂಬ್ ಬಿತ್ತು, ಅವರಿಗೆ ಗಾಯವೂ ಆಯಿತು. 2018ರ ‘ಕೇದಾರನಾಥ್’ನಲ್ಲಿ ಹುಡುಗಿ ಹಿಂದೂ, ಹುಡುಗ ಮುಸ್ಲಿಂ. ಈ ಸಲ ಹಿಂದೂ ಸಂಘಟನೆಗಳಿಗೆ ಕೋಪ, ಉತ್ತರಾಖಂಡದ ಹಲವು ಜಿಲ್ಲೆಗಳಲ್ಲಿ ಪ್ರದರ್ಶನವೇ ಆಗಲಿಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ ಸರ್. ಹುಡುಗಿ ಯಾರ ಕಡೆಯವಳೋ ಅವರಿಗೆ ಸಿಟ್ಟು. ಹುಡುಗನ ಕಡೆಯವರು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ಹೊಲದ ಬದು ಯಾರೋ ಒತ್ತಿದರು ಅನ್ನುವ ಹಾಗೆ ಹೆಣ್ಣುಮಗಳ ವಿಷಯಕ್ಕೆ ಜಗಳ, ಅವಳ ಮಾತು ಯಾರಿಗೂ ಬೇಡ. ಹಿಂದೂ ಮನೆಯಲ್ಲಿ ಹುಟ್ಟಿ ಮುಸ್ಲಿಂ ಆದ ಕೇರಳದ ಒಬ್ಬ ವಯಸ್ಕ ಹೆಣ್ಣುಮಗಳು (ಹಾದಿಯಾ) ತಾನೇ ಇಷ್ಟಪಟ್ಟು ಮುಸ್ಲಿಂ ಹುಡುಗನ ಜೊತೆ ಆದ ಮದುವೆಯನ್ನು ಹೈಕೋರ್ಟ್ ರದ್ದು ಮಾಡಿತ್ತು. 2018ರ ಮಾರ್ಚ್ 8ಕ್ಕೆ ಸುಪ್ರೀಂ ಕೋರ್ಟ್ ಅದನ್ನು ಊರ್ಜಿತ ಅಂತ ಹೇಳುವವರೆಗೆ ಆಕೆ ಎಷ್ಟು ಜನರ ಮುಂದೆ ನಿಂತು ‘ಇದು ನನ್ನ ಇಷ್ಟ’ ಅನ್ನಬೇಕಾಯಿತು, ನೆನೆಸಿಕೊಳ್ಳಿ.

ಪ್ರಶ್ನೆ: ಅಕ್ಕಾ, ನಾನು ಮುಸ್ಲಿಂ, ನಾನು ಇಷ್ಟಪಟ್ಟ ಹುಡುಗಿ ಹಿಂದೂ. ಅಮ್ಮಿ ‘ಹುಡುಗಿ ಕಲ್ಮಾ ಓದಿ ಮುಸ್ಲಿಂ ಆಗಲಿ, ಹೆಸರು ಬದಲಿಸಲಿ, ಆಮೇಲೆ ಮದುವೆ’ ಅಂತ ಹಟ ಹಿಡಿದಿದ್ದಾಳೆ. ನನಗೇನೂ ಬೇಕಾಗಿಲ್ಲ. ಆದರೆ ಅಮ್ಮಿಗೋಸ್ಕರ ಸುಮ್ನೆ ಹೆಸರಿಗೆ ಓದಿಬಿಡು ಅಂತ ಅವಳಿಗೆ ಹೇಳಲಾ?
– ಮೊಬೈಲ್ ರಿಪೇರಿ ಅಂಗಡಿಯವ, ಗಂಗಾವತಿ

ಉತ್ತರ: ಬೇಡ ತಮ್ಮಾ. ಹೆಸರಿಗೆ ಓದೋದು ನಿನ್ನ ಅಮ್ಮಿಯ ನಂಬಿಕೆಗೂ ಮರ್ಯಾದೆ ಅಲ್ಲ, ಆ ಹುಡುಗಿಗೂ ಅಲ್ಲ. ನೀನು ಹಾಗೆ ಕೇಳಿದ ದಿನ ಆ ಸಿನಿಮಾದವರು ಹೇಳಿದ್ದೇ ನಿಜ ಅಂತ ಅವಳ ಅಪ್ಪನಿಗೆ ಅನಿಸುತ್ತದೆ, ಅದು ಬರೀ ನಿನ್ನೊಬ್ಬನ ಮೇಲೆ ನಿಲ್ಲಲ್ಲ. ಅಮ್ಮಿಯ ಜೊತೆ ಮಾತಾಡಬೇಕಾದವನು ನೀನು, ಅವಳಲ್ಲ. ‘ಅವಳು ಅವಳ ಹೆಸರಲ್ಲೇ ಇರ್ತಾಳೆ, ನಿನ್ನನ್ನ ನಾನು ಬಿಟ್ಟು ಹೋಗಲ್ಲ’ ಅಂತ ಅಡುಗೆಮನೆಯಲ್ಲಿ ಅಮ್ಮಿ ಪಕ್ಕ ಕೂತು ಹೇಳು. ಅಳುತ್ತಾಳೆ, ಎರಡು ದಿನ ಮಾತು ಬಿಡುತ್ತಾಳೆ. ಮೂರನೇ ದಿನ ಮತ್ತೆ ಹೋಗಿ ಕೂತು ಹೇಳು. ಅಮ್ಮಿ ಒಪ್ಪುವುದಕ್ಕೆ ಮೊದಲು ವಿಶೇಷ ವಿವಾಹ ಕಾಯ್ದೆಯ ಅರ್ಜಿ ಕೊಡಬೇಕಾಗಿ ಬಂದರೆ, ಅರ್ಜಿ ಕೊಡುವ ಹಿಂದಿನ ರಾತ್ರಿ ಅಮ್ಮಿಗೆ ತಿಳಿಸು, ಬೇರೆಯವರ ಬಾಯಿಂದ ಕೇಳುವ ಹಾಗೆ ಮಾಡಬೇಡ.